ಮುಚ್ಚಿದ ಡಬ್ಬಿಯೊಳಗಿನ ನೀರು

ದೀಪಾವಳಿ ಆದಮೇಲೆ ಒಂದು ಹನಿ ಮಳೆ ಬಿದ್ದಿರಲಿಲ್ಲ. ಕಬ್ಬಿಗೆ ಬಿಟ್ಟ ನೀರು ಸಾಲಿನಲ್ಲಿ ಹರಿಯುತ್ತದೆಯೇ ಹೊರತು ಎದೆಮಟ್ಟದ ಕಂಬ ಹತ್ತಿ ಬರುವುದಿಲ್ಲ. ಆದರೂ ಹಿಪ್ಪರಗಿಯ ಈರಪ್ಪ ಕಾಕಾನ ಹೊಲದಲ್ಲಿ, ನಾನೇ ಮಾಡಿದ ಡಬ್ಬಿಯ ಸ್ಕ್ರೂ ಬಿಚ್ಚಿ ಮುಚ್ಚಳ ಎತ್ತಿದರೆ ಒಳಗೆ ನೀರು. ಮಂಜಿನ ಪಸೆ ಅಲ್ಲ, ನೀರು. ತಳದಲ್ಲಿ ದಪ್ಪ ಹನಿಗಳಾಗಿ ಕೂತಿತ್ತು. ಒಳಗಿನ ಸರ್ಕ್ಯೂಟ್ ಬೋರ್ಡಿನ ತಂತಿಕಾಲುಗಳಿಗೆ ಆಗಲೇ ಹಸಿರು ಕಿಲುಬು ಹಿಡಿದಿತ್ತು.

ನನಗೆ ಮೊದಲು ಬಂದದ್ದು ಸಿಟ್ಟು. ಯಾವಾಗಲೂ ಮೊದಲು ಬರುವುದು ಅದೇ, ಯಾರ ಮೇಲೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ. ಈ ಸಲ ಆಮೇಲೆಯೂ ಗೊತ್ತಾಗಲಿಲ್ಲ.

ಡಬ್ಬಿ ಏತಕ್ಕೆ ಎಂದು ಹೇಳಿಬಿಡುತ್ತೇನೆ. ಹೊಳೆಯಿಂದ ನೀರೆತ್ತುವ ಒಂದು ಪಂಪು, ಅದರ ಕೆಳಗೆ ಇಪ್ಪತ್ತು ಚಿಲ್ಲರೆ ಹೊಲ, ಒಬ್ಬರಾದ ಮೇಲೆ ಒಬ್ಬರಿಗೆ ನೀರಿನ ಪಾಳಿ. ಪಾಳಿ ಅಂದಮೇಲೆ ಜಗಳ ಇದ್ದದ್ದೇ. ಈರಪ್ಪ ಕಾಕಾನ ಮಗಳು ವೈಶಾಲಿ ಅಕ್ಕ ಜಮಖಂಡಿಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ. ಆ ಜಗಳ ನೋಡಿ ನೋಡಿ ಸಾಕಾಗಿ ಅವಳು ಒಂದು ಉಪಾಯ ಹೂಡಿದಳು. ಕಬ್ಬಿನ ಬುಡದಲ್ಲಿ ಒಂದು ಸೆನ್ಸರ್ ಕಡ್ಡಿ ಚುಚ್ಚುವುದು, ಅದರ ವೈರು ಕಂಬದ ಮೇಲಿನ ಬೋರ್ಡಿಗೆ, ಆ ಬೋರ್ಡು ಮಣ್ಣು ಹಸಿ ಇದೆಯೋ ಒಣಗಿದೆಯೋ ಎಂದು ಪಂಪು ನಡೆಸುವ ಗಂಗಾರಾಮ ಮಾಮಾನ ಮೊಬೈಲಿಗೆ ಹೇಳುವುದು. ಒಣಗಿದ ಹೊಲಕ್ಕೆ ಮೊದಲು ನೀರು, ಹಸಿ ಇದ್ದವರು ಕಾಯಬೇಕು. ಬೋರ್ಡು ಅವಳದು. ಬಿಸಿಲು, ಮಳೆ, ಧೂಳು, ಔಷಧದ ತುಂತುರು ಎಲ್ಲ ತಾಳಿಕೊಂಡು ಆ ಬೋರ್ಡು ಬದುಕಬೇಕಾದ ಮನೆ ನನ್ನದು. ಥ್ರೀಡಿ ಪ್ರಿಂಟರಿನಲ್ಲಿ ಮಾಡಿದ್ದು.

ನಾನು ಪ್ರಭುಲಿಂಗ, ಬನಹಟ್ಟಿಯ ನೇಕಾರರ ಹುಡುಗ. ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟು ಪವರ್‌ಲೂಮ್ ಶೆಡ್ಡು ಸೇರಿದೆ. ಆ ಗದ್ದಲದಲ್ಲಿ ಕೂಗಿದರೂ ಕೇಳುವುದಿಲ್ಲ. ಅಲ್ಲಿ ಕೆಲವು ವರ್ಷ ನಿಂತವನು ಹೊರಗೆ ಬಂದರೂ ಕೂಗಿಯೇ ಮಾತಾಡುತ್ತಾನೆ, ಮಂದಿ ಅದನ್ನು ಸೊಕ್ಕು ಅನ್ನುತ್ತಾರೆ. ಮುಧೋಳದ ಕಾಲೇಜೊಂದು ಹಳೆಯದಾಯಿತೆಂದು ಹೊರಗೆ ಹಾಕಿದ ಪ್ರಿಂಟರನ್ನು ತಂದು, ಮೊಬೈಲಿನಲ್ಲಿ ವಿಡಿಯೊ ನೋಡಿ ಬಿಚ್ಚಿ ಜೋಡಿಸಿ, ಓಡುವಂತೆ ಮಾಡಿದೆ. ಸುರುಳಿಯಿಂದ ಪ್ಲಾಸ್ಟಿಕ್ ಎಳೆ ಬಿಚ್ಚಿಕೊಂಡು ಬಂದು, ಕರಗಿ, ಪದರದ ಮೇಲೆ ಪದರವಾಗಿ ಕೂರುತ್ತ ಹೋಗುತ್ತದೆ. ಅದೂ ಮಗ್ಗವೇ, ಗದ್ದಲವಿಲ್ಲದ್ದು.

ಪಂಪಿನವರು ಮೊದಲು ಎರಡೇ ಹೊಲಕ್ಕೆ ಡಬ್ಬಿ ಹಾಕಿಸಿ ನೋಡುತ್ತೇವೆ ಎಂದಿದ್ದರು. ಒಂದು ಈರಪ್ಪ ಕಾಕಾನ ಹೊಲಕ್ಕೆ, ಇನ್ನೊಂದು ಅವನ ಬದುವಿಗೆ ಹತ್ತಿದ ಸಿದ್ದಾರೂಢಣ್ಣನ ಹೊಲಕ್ಕೆ. ಅಮಾವಾಸ್ಯೆಯ ದಿನ ಎಲ್ಲರೂ ಕೂತು ತೀರ್ಮಾನ ಮಾಡುವುದು. ಡಬ್ಬಿ ತಾಳಿ ನಿಂತರೆ ಎಲ್ಲ ಹೊಲಕ್ಕೂ ನನ್ನವೇ. ನಿಲ್ಲದಿದ್ದರೆ ಹೊರಗಿನಿಂದ ರೆಡಿಮೇಡ್ ತರಿಸುವುದು, ನಾನು ತಿರುಗಿ ಶೆಡ್ಡಿಗೆ ಹೋಗುವುದು. ಶೆಡ್ಡಿನ ಮಾಲಕ ಅಲ್ಲಿಯತನಕ ಮಾತ್ರ ನನ್ನ ಜಾಗ ಕಾಯುತ್ತೇನೆ ಎಂದಿದ್ದ.

ಹೀಗಿರುವಾಗ ನೀರು.

ಈರಪ್ಪ ಕಾಕಾ ಡಬ್ಬಿಯೊಳಗೆ ಬೆರಳು ಅದ್ದಿ ನಾಲಿಗೆಗೆ ಹಚ್ಚಿಕೊಂಡು ನೋಡಿದ.

"ಸವಳಿಲ್ಲ," ಎಂದ. "ಬೋರಿನ ನೀರಲ್ಲ ಇದು. ಹೊಳಿ ನೀರ."

"ಹೊಳಿ ನೀರ ಇಲ್ಲಿಗೆ ಹೆಂಗ ಬರತೈತ್ರಿ ಕಾಕಾ? ಮುಚ್ಚಳ ಬಿಗಿ ಐತಿ."

ಕಾಕಾ ಬದುವಿನ ಆಚೆ ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಕೇಳಿದ: "ನನ್ನ ಹೊಲಾ ಹಸಿ ಐತಿ ಅಂತ ಡಬ್ಬಿ ಸುಳ್ಳ ಹೇಳಿದ್ರ, ಆ ಪಾಳಿ ಯಾರಿಗೆ ಹೋಗತೈತೋ ತಮ್ಮಾ?"

ಸಿದ್ದಾರೂಢಣ್ಣನಿಗೆ. ಎರಡು ಸಲ ಹೋಗಿತ್ತು ಕೂಡ. ಒಳಗೆ ನೀರು ಕೂತ ಬೋರ್ಡು ದಿನವೂ ಹಸಿ ಹಸಿ ಎಂದು ಒದರುತ್ತಿತ್ತು, ಗಂಗಾರಾಮ ಮಾಮಾ ಮೊಬೈಲು ನೋಡಿ ಈರಪ್ಪ ಕಾಕಾನನ್ನು ದಾಟಿಸಿ ಮುಂದಿನ ಹೊಲಕ್ಕೆ ನೀರು ತಿರುಗಿಸಿದ್ದ. ಕಾಕಾನ ಕುಳೆ ಕಬ್ಬಿನ ಎಲೆ ತುದಿಯಲ್ಲಿ ಸುರುಟಿಕೊಂಡಿತ್ತು.

ನನ್ನ ಸಿಟ್ಟಿಗೆ ಹೆಸರು ಸಿಕ್ಕಿತು. ನಾನು ಗಾಡಿ ಹತ್ತಿ ನೆಟ್ಟಗೆ ಪಂಪಿನ ಮನೆಗೆ ಹೋದೆ. ಸಿದ್ದಾರೂಢಣ್ಣ ಅಲ್ಲಿ ಏಳೆಂಟು ಮಂದಿಯ ನಡುವೆ ಚಹಾ ಕುಡಿಯುತ್ತ ಕೂತಿದ್ದ. ನಲವತ್ತು ದಾಟಿದ ಮನುಷ್ಯ, ದನಿ ಏರಿಸಿದ್ದನ್ನು ಯಾರೂ ಕೇಳಿದವರಿಲ್ಲ.

"ಏನಣ್ಣಾ, ಕಬ್ಬಿಗೆ ಬಿಟ್ಟದ್ದು ಸಾಲಲಿಲ್ಲೇನ, ಡಬ್ಬಿಗೂ ನೀರ ಬಿಟ್ಟಿಯಲ್ಲ?" ಎಂದೆ, ಶೆಡ್ಡಿನ ದನಿಯಲ್ಲಿ.

ಅವನು ಕಪ್ಪು ಕೆಳಗಿಟ್ಟ. ಯಾವ ಡಬ್ಬಿ, ಏನಾಯಿತು ಎಂದು ಎಲ್ಲ ಕೇಳಿಕೊಂಡ. ನಾನು ಎಲ್ಲರೆದುರು ಎಲ್ಲ ಹೇಳಿದೆ. ಹೇಳಿದಂತೆಲ್ಲ ಅದು ಹೆಚ್ಚು ನಿಜವಾಗುತ್ತ ಹೋಯಿತು. ಕಡೆಗೆ ಅವನು ಇಷ್ಟೇ ಅಂದ:

"ಮೊದಲ ಹೋಗಿ ನನ್ನ ಹೊಲದಾಗಿನ ಡಬ್ಬಿ ನೋಡಿ ಬಾ. ಆಮ್ಯಾಲೆ ಬೈಯುವಂತಿ."

ಹೋದೆ. ಅವನ ಡಬ್ಬಿಗೆ ಕಬ್ಬು ಹೇರಿದ ಟ್ರೇಲರ್ ತಾಗಿ ಮುಚ್ಚಳ ಮೂಲೆಯಿಂದ ಮೂಲೆಗೆ ಸೀಳಿತ್ತು. ಸಂದಿಯಲ್ಲಿ ಬೆರಳು ಹೋಗುತ್ತಿತ್ತು. ಒಂದು ಸ್ಕ್ರೂ ಬಿದ್ದುಹೋಗಿ, ಅಲ್ಲಿ ಸೈಕಲ್ ಟ್ಯೂಬಿನ ತುಂಡು ಕಟ್ಟಿದ್ದರು. ಒಳಗೆ ಧೂಳಿತ್ತು, ರವದಿಯ, ಒಣಗಿದ ಕಬ್ಬಿನೆಲೆಯ, ಒಂದು ಚೂರಿತ್ತು. ನೀರು ಇರಲಿಲ್ಲ. ಬೋರ್ಡು ಮೊದಲ ದಿನ ಇದ್ದ ಹಾಗೆ ಮಿನುಗುತ್ತಿತ್ತು, ಗಂಗಾರಾಮ ಮಾಮಾನ ಮೊಬೈಲಿಗೆ ಸರಿಯಾದ ಲೆಕ್ಕವನ್ನೇ ಕಳಿಸುತ್ತಿತ್ತು.

ಬುದ್ಧಿ ಇದ್ದವನಾದರೆ ಅಲ್ಲೇ ನಿಂತು ಯೋಚಿಸುತ್ತಿದ್ದ. ನಾನು ತಿರುಗಿ ಬಂದು, ತನ್ನದನ್ನು ಮಾತ್ರ ಒಣ ಇಟ್ಟುಕೊಂಡಿದ್ದಾನೆ ನೋಡ್ರಿ ಎಂದು ಇನ್ನಷ್ಟು ಕೂಗಿದೆ. ಅಷ್ಟರಲ್ಲಿ ಈರಪ್ಪ ಕಾಕಾ ಬಂದಿದ್ದ. ನನ್ನ ಮಾತಿಗೆ ಅವನೂ ಮಾತು ಸೇರಿಸಿದ. ಇಪ್ಪತ್ತು ವರ್ಷ ಒಂದೇ ಬದುವಿನ ಮೇಲೆ ಕೂತು ಬುತ್ತಿ ಬಿಚ್ಚಿದವರು ಅವತ್ತು ಮಾತು ಬಿಟ್ಟರು.

ಸಂಜೆ ವೈಶಾಲಿ ಅಕ್ಕ ಫೋನ್ ಮಾಡಿದಳು. ಕಣ್ಣಾರೆ ಕಾಣದೆ ಒಬ್ಬರ ಮೇಲೆ ಹೊರಿಸಬಾರದಿತ್ತು, ಗಾಳಿಯಲ್ಲೂ ನೀರಿರುತ್ತದೆ, ಅದು ರಾತ್ರಿಯ ತಂಪಿಗೆ ಹನಿಯಾಗಿರಬಹುದು ಎಂದಳು. ಹಾಗಿದ್ದರೆ ಗಾಳಿ ಹೊಕ್ಕು ಹೊರಡುವ ಒಡಕು ಡಬ್ಬಿಯಲ್ಲಿ ನೀರು ಯಾಕಿಲ್ಲ, ಗಾಳಿ ಆಡದ ಡಬ್ಬಿಯಲ್ಲಿ ಯಾಕಿದೆ ಎಂದು ಕೇಳಿದೆ. "ಅದಽ ನನಗೂ ತಿಳಿವಲ್ದು," ಎಂದಳು. ಕಲಿತವರಿಗೇ ತಿಳಿಯದಿದ್ದರೆ ನಾನು ಯಾರನ್ನು ಕೇಳಲಿ?

ಹೊಸ ಡಬ್ಬಿ ಮಾಡುವುದೊಂದೇ ನನಗೆ ಗೊತ್ತಿದ್ದ ದಾರಿ.

ನಮ್ಮ ಮನೆಯಲ್ಲಿ ಇರುವುದು ಒಂದೇ ದೊಡ್ಡ ಕೋಣೆ. ಅರ್ಧ ಅವ್ವನ ಕುಣಿಮಗ್ಗಕ್ಕೆ, ಅರ್ಧ ನನ್ನ ಪ್ರಿಂಟರಿಗೆ. ಅವ್ವ ಭಾಗವ್ವ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಹತ್ತಿ ನೂಲಿನ ಸೀರೆ ನೇಯುತ್ತಾಳೆ. ಒಣಗಾಳಿಗೆ ಎಳೆ ಹರಿಯುತ್ತವೆ ಎಂದು ದಿನಾ ನೆಲಕ್ಕೆ ನೀರು ಚಿಮುಕಿಸುತ್ತಾಳೆ, ಕಿಟಕಿಗೆ ಒದ್ದೆ ಗೋಣಿತಟ್ಟು ಇಳಿಬಿಡುತ್ತಾಳೆ. ಮಗ್ಗ ಇರುವ ಮನೆಗಳೆಲ್ಲ ಹಾಗೆಯೇ.

ಮೊದಲ ಡಬ್ಬಿಯ ಮುಚ್ಚಳಕ್ಕೆ ಒಂದು ಸುತ್ತು ರಬ್ಬರು ಇತ್ತು. ಎರಡನೆಯದಕ್ಕೆ ಟ್ರ್ಯಾಕ್ಟರ್ ಟ್ಯೂಬು ಕತ್ತರಿಸಿ ಎರಡು ಸುತ್ತು ಕೂರಿಸಿದೆ. ಮುಚ್ಚಳದ ಅಂಚನ್ನು ಮನೆಯ ಸೂರಿನ ಹಾಗೆ ಹೊರಗೆ ಚಾಚಿಸಿ, ನೀರು ಗೋಡೆಗೆ ಅಂಟದೆ ದೂರ ಬೀಳುವಂತೆ ಕೆಳಗೆ ಸಣ್ಣ ತುಟಿ ಕೊಟ್ಟೆ. ಗೋಡೆ ದಪ್ಪ ಮಾಡಿದೆ. ಪದರಗಳ ನಡುವೆ ಸಂದು ಉಳಿಯಬಾರದೆಂದು ಪ್ರಿಂಟರಿನ ಬಿಸಿ ಏರಿಸಿ ನಿಧಾನಕ್ಕೆ ಓಡಿಸಿದೆ. ವೈರು ಹೋಗುವ ಕಂಡಿಯನ್ನು ತಳಕ್ಕೆ ತಂದು ಸುತ್ತ ಸಿಲಿಕೋನ್ ಮೆತ್ತಿದೆ. ಬೋರ್ಡು, ಬ್ಯಾಟರಿ ಅಲ್ಲಾಡಬಾರದೆಂದು ಅವ್ವನ ಬುಟ್ಟಿಯಲ್ಲಿದ್ದ ಚಿಂದಿ ನೂಲನ್ನು ಮೊದಲಿಗಿಂತ ಇಮ್ಮಡಿ ತುಂಬಿದೆ. ಎಲ್ಲಿಂದಲೋ ನೀರು ನುಸುಳಿದರೂ ನೂಲು ಕುಡಿಯಲಿ, ಬೋರ್ಡು ಉಳಿಯಲಿ ಎಂಬ ಲೆಕ್ಕ.

ಬೋರ್ಡು ಕೂರಿಸುವ ಮೊದಲು ಪರೀಕ್ಷೆ ಮಾಡಿದೆ. ಖಾಲಿ ಡಬ್ಬಿಯೊಳಗೆ ಒಂದು ಹಾಳೆ ಇಟ್ಟು, ಮುಚ್ಚಿ, ಹಿತ್ತಲ ನೀರಿನ ಹೌದಿನಲ್ಲಿ ಮುಳುಗಿಸಿ ಮೇಲೆ ಬೀಸುವ ಕಲ್ಲಿನ ತುಂಡು ಹೇರಿದೆ. ಮರುದಿನ ತೆಗೆದರೆ ಹಾಳೆ ಗರಿಗರಿ. ನೀರಿನ ಕೆಳಗೆ ಇಡೀ ರಾತ್ರಿ ಒಣಗಿದ್ದ ಡಬ್ಬಿ ಬಯಲಿನಲ್ಲಿ ಹೇಗೆ ತೊಯ್ಯುತ್ತದೆ? ಮನುಷ್ಯನ ಕೈ ಇಲ್ಲದೆ ಸಾಧ್ಯವೇ ಇಲ್ಲ.

ಆ ಕೈಯನ್ನು ಹಿಡಿಯಲು ಇನ್ನೊಂದು ಕೆಲಸ ಮಾಡಿದೆ. ಈರಪ್ಪ ಕಾಕಾನ ಕಂಬಕ್ಕೆ ಹೊಸ ಡಬ್ಬಿ ಕೂರಿಸಿದ ಮೇಲೆ ಮುಚ್ಚಳವನ್ನೂ ತಳವನ್ನೂ ಸೇರಿಸಿ ಒಂದೆಳೆ ನೂಲು ಸುತ್ತಿ, ಹರಿದ ಎಳೆಗೆ ಮಗ್ಗದ ಮೇಲೆ ಹಾಕುವ ಗಂಟು ಹಾಕಿದೆ. ಅಕ್ಕಿಕಾಳಿಗಿಂತ ಸಣ್ಣದು. ಬಿಚ್ಚಲು ಬರುವುದಿಲ್ಲ, ಕತ್ತರಿಸಬೇಕು. ಕತ್ತರಿಸಿದರೆ ಹಾಗೆಯೇ ಕಟ್ಟಲು ಕಬ್ಬಿನವರ ಬೆರಳಿಗೆ ಆಗುವುದಿಲ್ಲ.

ಒಂದು ವಾರಕ್ಕೆ ಗಂಗಾರಾಮ ಮಾಮಾ ಫೋನ್ ಮಾಡಿ, ನಿಮ್ಮ ಈರಪ್ಪನ ಹೊಲ ಮೊಬೈಲಿನಾಗ ಮತ್ತ ಕೆರಿ ಆಗೇತಿ ಎಂದ.

ಮಧ್ಯಾಹ್ನದ ಬಿಸಿಲಿನಲ್ಲಿ ಹೋಗಿ ಮುಟ್ಟಿದೆ. ಮೊದಲು ಗಂಟು ನೋಡಿದೆ. ನನ್ನ ಗಂಟೇ, ಹಾಕಿದ ಕಡೆಯೇ, ಹಾಕಿದ ಹಾಗೆಯೇ. ಅದನ್ನು ಹಲ್ಲಿನಲ್ಲಿ ಕಡಿದು ಸ್ಕ್ರೂ ಬಿಚ್ಚಿದೆ. ಒಳಗೆ ಮೊದಲಿಗಿಂತ ಹೆಚ್ಚು ನೀರು. ನೆರಳಿನ ಕಡೆಯ ಗೋಡೆಗೆ ಹನಿ ಸಾಲುಗಟ್ಟಿ ನಿಂತಿದ್ದವು, ತಳದಲ್ಲಿ ಬೋರ್ಡಿನ ಒಂದು ಅಂಚು ಮುಳುಗಿತ್ತು.

ಸಿಟ್ಟು ಬರಲಿಲ್ಲ. ಬರಲಿ ಎಂದು ಕಾದೆ. ಅದಕ್ಕೂ ದಾರಿ ತಪ್ಪಿತ್ತು ಅನ್ನಿಸುತ್ತದೆ. ಎರಡು ರಬ್ಬರು ಹಾಕಿದರೆ ಎರಡು ಪಟ್ಟು ನೀರು. ಗಂಟು ಮುರಿಯದೆ ಒಳಗೆ ಬರುವ ಕಳ್ಳ. ಬದುವಿನ ಆಚೆ ಬಾಯಿ ಬಿಟ್ಟುಕೊಂಡು ನಿಂತ ಒಡಕು ಡಬ್ಬಿ ಒಣಗಿ ಹಾಯಾಗಿತ್ತು. ನಾನು ಬದುವಿನ ಮೇಲೆ ಡಬ್ಬಿಯನ್ನು ತೊಡೆಯಲ್ಲಿಟ್ಟುಕೊಂಡು, ಏನೂ ತೋಚದೆ, ಒಳಗಿನ ಚಿಂದಿ ನೂಲನ್ನು ಎಳೆದು ಹೊರಗೆ ಹಾಕತೊಡಗಿದೆ. ಅದನ್ನು ಹಿಂಡಿ ನೀರು ತೆಗೆಯೋಣ ಎಂದು ಬಿಸಿಲಿನ ಕಡೆ ಇದ್ದ ಉಂಡೆಯನ್ನು ಮುಷ್ಟಿಯಲ್ಲಿ ಒತ್ತಿದೆ.

ಏನೂ ಬರಲಿಲ್ಲ. ನೂಲು ಒಣಗಿತ್ತು.

ಒಂದೆಳೆ ತೆಗೆದು ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ. ನೇಕಾರರ ಮನೆಯಲ್ಲಿ ಹುಟ್ಟಿದವರ ಕೈಗೆ ನೂಲು ಸಿಕ್ಕರೆ ಜಗ್ಗಿ ನೋಡುವುದು ತಾನಾಗಿ ಆಗುತ್ತದೆ. ಅದು ಪಟ್ಟನೆ ಹರಿಯಿತು, ಬಿಸಿಲಿಗೆ ಬಿದ್ದ ಹುಲ್ಲುಕಡ್ಡಿಯ ಹಾಗೆ. ಅವ್ವನ ಮಗ್ಗದಲ್ಲಿ ಇಂಥ ಎಳೆ ಸಿಕ್ಕಿದ್ದರೆ ಅವತ್ತಿನ ನೇಯ್ಗೆ ಅಲ್ಲಿಗೇ ನಿಲ್ಲುತ್ತಿತ್ತು. ಇದು ಅದೇ ಬುಟ್ಟಿಯ ನೂಲು. ತುಂಬುವಾಗ ಮೆತ್ತಗೆ, ತಂಪಾಗಿ, ಜಗ್ಗಿದರೆ ಬಾಗುತ್ತಿತ್ತು.

ನೀರು ಹೊರಗಿನಿಂದ ಬಂದಿದ್ದರೆ ಮೊದಲು ನೂಲು ತೊಯ್ಯಬೇಕಿತ್ತು. ನೂಲೇ ಒಣಗಿ ಡಬ್ಬಿ ತೊಯ್ದಿದೆ ಎಂದರೆ?

ಅದರ ಮುಂದಿನ ಮಾತನ್ನು ನನ್ನ ತಲೆ ಹೇಳಲೊಲ್ಲದು. ಮನೆಗೆ ಹೋಗಿ ಅವ್ವನ ಸಕ್ಕರೆಯ ಗಾಜಿನ ಭರಣಿ ಖಾಲಿ ಮಾಡಿದೆ. ಅವಳ ಬುಟ್ಟಿಯಿಂದ ಒಂದು ಹಿಡಿ ಚಿಂದಿ ನೂಲು ತುಂಬಿದೆ, ಕೈಗೆ ಅದು ಒದ್ದೆ ಎಂದೇನೂ ಅನ್ನಿಸಲಿಲ್ಲ. ಮುಚ್ಚಳ ಬಿಗಿದು ಮಾಳಿಗೆಯ ಬಿಸಿಲಿಗಿಟ್ಟೆ. ಅಂಗಡಿಗೆ ಹೋಗಿ ಬರುವಷ್ಟರಲ್ಲಿ ಭರಣಿಯ ಗಾಜು ಒಳಗಿನಿಂದ ಮಬ್ಬಾಗಿತ್ತು. ಇಳಿಹೊತ್ತಿಗೆ ಗಾಳಿ ತಂಪಾದಾಗ ಆ ಮಬ್ಬು ಹನಿಯಾಗಿ ಗೋಡೆಗುಂಟ ಕೆಳಗೆ ಜಾರಿತು.

ನಾನು ಅದನ್ನೇ ನೋಡುತ್ತ ಕೂತೆ. ಕೆಳಗಿನಿಂದ ಅವ್ವ ನೀರು ಚಿಮುಕಿಸುವ ಸದ್ದು ಬರುತ್ತಿತ್ತು. ಹುಟ್ಟಿದಾಗಿನಿಂದ ಕೇಳಿದ ಸದ್ದು. ನಮ್ಮ ಮನೆಯ ಗಾಳಿಗೆ ಒಂದು ತೂಕ ಇದೆ, ಹೊರಗಿನವರು ಬಂದರೆ ಉಸಿರು ಕಟ್ಟಿದಂತೆ ಆಗುತ್ತದೆ ಅನ್ನುತ್ತಾರೆ. ನಮಗೆ ಅದು ಗಾಳಿಯೇ. ಆ ಗಾಳಿಯನ್ನು ಕುಡಿದು ಕುಡಿದು ಮೆತ್ತಗಾದ ನೂಲನ್ನು ನಾನೇ ಡಬ್ಬಿಗೆ ಒತ್ತಿ ತುಂಬಿ, ಎರಡು ಸುತ್ತು ರಬ್ಬರು ಹಾಕಿ, ಹೊರಗೆ ಹೋಗದಂತೆ ಬಿಗಿದಿದ್ದೆ. ಹಗಲಿನ ಬಿಸಿಗೆ ನೂಲು ನೀರು ಬಿಟ್ಟುಕೊಟ್ಟಿದೆ, ರಾತ್ರಿಯ ತಂಪಿಗೆ ಅದು ಗೋಡೆಗೆ ಕೂತಿದೆ. ಒಡಕು ಡಬ್ಬಿಯ ನೀರು ಆಗಿಂದಾಗಲೇ ಸೀಳಿನಿಂದ ಎದ್ದು ಹೋಗಿದೆ. ಹೌದಿನಲ್ಲಿ ಮುಳುಗಿಸಿದ ಡಬ್ಬಿ ಒಣಗಿದ್ದದ್ದು ಒಳಗೆ ನೂಲೇ ಇರಲಿಲ್ಲವಾದ್ದರಿಂದ.

ಈರಪ್ಪ ಕಾಕಾ ನೆಕ್ಕಿ ನೋಡಿದ ಹೊಳೆಯ ನೀರು ನಮ್ಮ ಮನೆಯದು.

ಕೆಳಗೆ ಇಳಿದು ಬಂದವನು ಅವ್ವನ ಮೇಲೆ ಹರಿಹಾಯ್ದೆ. ಏನು ಮಾಡಿದಳೆಂದು ಅಲ್ಲ, ಎದುರಿಗೆ ಇದ್ದಳು ಎಂದು. ಈ ನೀರು ಚಿಮುಕಿಸುವುದನ್ನು ಬಿಟ್ಟುಬಿಡು ಎಂದೆ. ಅವಳು ಲಾಳಿ ನಿಲ್ಲಿಸಲಿಲ್ಲ.

"ಬಿಡ್ತೇನಿ ತಗೋ," ಎಂದಳು. "ಎಳಿ ಹರದಾಗೊಮ್ಮೆ ನೀ ಬಂದು ಗಂಟ ಹಾಕ."

ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಅವಳ ನೂಲಿಗೆ ಬೇಕಾದ್ದು ನನ್ನ ಡಬ್ಬಿಗೆ ವಿಷ. ಯಾರದೂ ತಪ್ಪಿಲ್ಲದ ಕಡೆ ಸಿಟ್ಟು ಮಾಡುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಪ್ರಿಂಟರನ್ನು ಹೊತ್ತುಕೊಂಡು ಹೋಗಿ ಮಾಳಿಗೆಯ ತಗಡಿನ ಗೂಡಿನಲ್ಲಿಟ್ಟೆ. ಪ್ಲಾಸ್ಟಿಕ್ ಎಳೆಯ ಸುರುಳಿಗಳನ್ನೂ ಒಯ್ದೆ, ಅವೂ ಇಷ್ಟು ದಿನ ಅದೇ ಗಾಳಿ ಕುಡಿದಿದ್ದವು.

ವೈಶಾಲಿ ಅಕ್ಕನಿಗೆ ಫೋನ್ ಮಾಡಿ ಭರಣಿಯ ಕಥೆ ಹೇಳಿದೆ. ಅವಳು ನಕ್ಕುಬಿಟ್ಟಳು.

"ಕಳ್ಳನ್ನ ಒಳಗ ಕುಂಡ್ರಿಸಿ ಹೊರಗ ಕೀಲಿ ಹಾಕಿ ಬಂದೀಯಲ್ಲೋ ಪ್ರಭು."

ನೂಲು ತೆಗೆದು ರಬ್ಬರಿನ ಮೆತ್ತೆ ಹಾಕು ಎಂದಳು. ಆದರೂ ಸಾಲದು, ಯಾವ ಡಬ್ಬಿಯನ್ನೂ ಪೂರಾ ಬಿಗಿಯಲಾಗುವುದಿಲ್ಲ, ಹಗಲು ಅದರ ಗಾಳಿ ಹಿಗ್ಗುತ್ತದೆ, ರಾತ್ರಿ ಕುಗ್ಗಿ ಹೊರಗಿನ ತೇವವನ್ನು ಎಲ್ಲಿಂದಲಾದರೂ ಒಳಗೆ ಜಗ್ಗುತ್ತದೆ, ಹೋಗಲು ದಾರಿ ಇಲ್ಲದೆ ಅದು ಒಳಗೇ ಕೂರುತ್ತದೆ, ಅದಕ್ಕೆ ತಳದಲ್ಲಿ ಒಂದು ತೂತು ಇರಲಿ, ಉಸಿರಾಡಲಿ ಎಂದಳು. ಮಳೆ ಮೇಲಿನಿಂದ ಬರುತ್ತದೆ, ಕೆಳಗಿನಿಂದಲ್ಲ. ನನಗೆ ಅರ್ಥವಾಯಿತು ಅನ್ನಿಸಿತು, ಮರುಕ್ಷಣ ಆಗಲಿಲ್ಲ ಅನ್ನಿಸಿತು. ನೀರು ಬರಬಾರದೆಂದು ಮಾಡಿದ ಡಬ್ಬಿಗೆ ನನ್ನ ಕೈಯಾರೆ ತೂತು ಹಾಕಬೇಕು.

ಆಮೇಲೆ ಅವಳು ನಗು ನಿಲ್ಲಿಸಿ ಕೇಳಿದಳು: "ಸಿದ್ದಾರೂಢಣ್ಣಗ ಏನ್ ಹೇಳ್ತಿ?"

ಅಮಾವಾಸ್ಯೆಯ ದಿನ ಪಂಪಿನ ಮನೆಯ ಮುಂದೆ ಎಲ್ಲರೂ ಸೇರಿದರು. ಈರಪ್ಪ ಕಾಕಾ ಒಂದು ಕಡೆ, ಸಿದ್ದಾರೂಢಣ್ಣ ಇನ್ನೊಂದು ಕಡೆ, ನಡುವೆ ಜಮಖಾನೆ ಖಾಲಿ. ನಾನು ತಳದಲ್ಲಿ ತೂತಿರುವ ಹೊಸ ಡಬ್ಬಿಯನ್ನು ಕೈಯಲ್ಲಿ ಹಿಡಿದು ನಿಂತೆ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ನಿಂತ ಮೇಲೆ ಎಲ್ಲ ಹಾರಿಹೋಯಿತು. ಬೈಯಲು ಏಳುವ ದನಿ ತಪ್ಪು ಒಪ್ಪಲು ಏಳಲಿಲ್ಲ.

"ಆ ನೀರ ಸಿದ್ದಾರೂಢಣ್ಣ ಹಾಕಿದ್ದಲ್ಲ," ಎಂದೆ. "ನಮ್ಮ ಮನಿದು."

ಯಾರಿಗೂ ತಿಳಿಯಲಿಲ್ಲ. ಮಗ್ಗ, ನೂಲು, ಗೋಣಿತಟ್ಟು, ಭರಣಿ ಎಲ್ಲ ಹೇಳಿದೆ. ಹೇಳುತ್ತಿದ್ದಂತೆ ನನಗೇ ಅದು ಸುಳ್ಳಿನ ಹಾಗೆ ಕೇಳತೊಡಗಿತು. ಗಂಗಾರಾಮ ಮಾಮಾ ಬೀಡಿ ಆರಿಸಿದ.

"ಹೊಳಿ ದಂಡಿ ಊರಿಗೆ ಬನಹಟ್ಟಿಯಿಂದ ನೀರ ಬಂತು, ಅದೂ ಪಂಪ ಇಲ್ಲದ," ಎಂದ. "ಇನ್ನ ನನಗೇನ ಕೆಲಸ? ನಾನೂ ಮನೀಗೆ ಹೊಕ್ಕೇನಿ."

ಜಮಖಾನೆಯ ಎರಡೂ ಕಡೆ ನಗು ಎದ್ದಿತು. ನಗದೆ ಇದ್ದವರು ಇಬ್ಬರೇ. ಸಿದ್ದಾರೂಢಣ್ಣ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಈರಪ್ಪ ಕಾಕಾ ಎದ್ದು ನಿಂತ. ಅವನ ಮುಖ ಕಪ್ಪಿಟ್ಟಿತ್ತು. ಮೊದಲು ಅನುಮಾನ ಬಂದದ್ದು ನಿಮಗಲ್ಲವೇನ್ರಿ ಕಾಕಾ ಎಂಬ ಮಾತು ನನ್ನ ನಾಲಿಗೆಯ ಮೇಲೆ ಇತ್ತು. ಅದನ್ನು ಅವನು ನನ್ನ ಮುಖದಲ್ಲಿ ಓದಿಕೊಂಡ ಅನ್ನಿಸುತ್ತದೆ.

"ನಾ ಅಂದದ್ದು ನಿನ್ನ ಕಿವ್ಯಾಗ," ಎಂದ. "ನೀ ಅಂದದ್ದು ಮಂದ್ಯಾಗ."

ಚಪ್ಪಲಿ ಮೆಟ್ಟಿಕೊಂಡು ಹೋದ. ಆ ಊರಲ್ಲಿ ನನಗೆ ಮೊದಲು ಕೆಲಸ ಕೊಟ್ಟವನು, ಶೆಡ್ಡಿನ ಹುಡುಗನ ಕೈಗೆ ಮಗಳ ಬೋರ್ಡು ಕೊಡಿಸಿದವನು. ನನ್ನ ಹಿಂದೆ ಯಾರೋ, ತೂತಿನ ಕೊಡಕ್ಕ ನೀರ ತುಂಬುವವರನ್ನ ಕಂಡಿದ್ವಿ, ಈಗ ತೂತಿನ ಡಬ್ಬಿಲೆ ನೀರ ತಡಿಯವನೂ ಬಂದ ಎಂದರು. ರೆಡಿಮೇಡ್ ತರಿಸೋಣ, ಅವು ಮುಚ್ಚಿದ್ದು ಮುಚ್ಚಿದ ಹಾಗೇ ಇರುತ್ತವೆ ಎಂದು ಇನ್ನೊಬ್ಬರು. ಅದನ್ನು ಒಪ್ಪುವ ದನಿಗಳು ಹೆಚ್ಚಾಗುತ್ತಿದ್ದವು. ಆಗ ಸಿದ್ದಾರೂಢಣ್ಣ ಬಾಯಿ ಬಿಟ್ಟ.

"ಒಡಕ ಡಬ್ಬಿ ನನ್ನ ಹೊಲದಾಗ ಹೆಂಗೂ ಐತಿ. ಅದರ ಬಾಜೂ ತೂತಿಂದೂ ಒಂದ ಇರಲಿ. ಮುಂದಿನ ಅಮಾಸಿಗೆ ನೋಡೂಣು."

ಅಷ್ಟೇ. ತಪ್ಪಾಯಿತು ಅನ್ನು ಎಂದು ಕೇಳಲಿಲ್ಲ. ಕೇಳಿದ್ದರೆ ನನಗೆ ಸುಲಭವಾಗುತ್ತಿತ್ತು. ಅನ್ನುತ್ತಿದ್ದೆ, ಅಥವಾ ಅನ್ನುವುದಿಲ್ಲ ಎಂದು ಹಾರಾಡುತ್ತಿದ್ದೆ. ಈ ಮನುಷ್ಯ ನನ್ನ ಕೈಗೆ ಏನೂ ಕೊಡಲಿಲ್ಲ. ನಾನು ಹತ್ತಿರ ಹೋಗಿ, ಅಣ್ಣಾ, ನಾ ಅಂದದ್ದು ತಪ್ಪಾತು ಎಂದೆ. ಅವನು ತಲೆ ಅಲ್ಲಾಡಿಸಿದ. ಹೌದೆಂದೋ, ಬಿಡೆಂದೋ, ಈಗ ಅಂದರೇನು ಬಂತೆಂದೋ, ಇವತ್ತಿಗೂ ತಿಳಿದಿಲ್ಲ.

ಅದೇ ಸಂಜೆ ಶೆಡ್ಡಿನ ಮಾಲಕನ ಫೋನ್ ಬಂತು. ನಾಳೆ ಬೆಳಿಗ್ಗೆ ಬರುತ್ತೀಯೋ ಇಲ್ಲವೋ, ಇಲ್ಲವಾದರೆ ಜಾಗ ಬೇರೆಯವರಿಗೆ ಎಂದ. ನನ್ನ ಕೈಯಲ್ಲಿ ಇದ್ದದ್ದು ಒಂದು ಡಬ್ಬಿ, ಒಂದು ತಿಂಗಳು, ಮತ್ತು ನಾನು ಬೈದವನೊಬ್ಬನ ಹೊಲ. ನಾಳೆ ಹಿಪ್ಪರಗಿಗೆ ಹೋಗುವುದಿದೆ, ಜಾಗ ಕೊಟ್ಟುಬಿಡ್ರಿ ಎಂದೆ. ಇದು ಧೈರ್ಯವೋ ಹುಚ್ಚೋ ಎಂದು ಅವ್ವನನ್ನು ಕೇಳಿದೆ. ಉಂಡು ಮಲಗು ಎಂದಳು.

ಬೆಳಿಗ್ಗೆ ಸಿದ್ದಾರೂಢಣ್ಣನ ಹೊಲದಲ್ಲಿ ಹೊಸ ಕಂಬ ನಿಲ್ಲಿಸಿದೆವು. ಅವನು ಕಂಬ ಹಿಡಿದ, ನಾನು ಬುಡಕ್ಕೆ ಕಲ್ಲು ಗಿಡಿದೆ. ಡಬ್ಬಿ ಕೂರಿಸಿ, ವೈರನ್ನು ಕೆಳಗೆ ಒಂದು ಜೋಲಿ ಬಿಟ್ಟು ಒಳಗೆ ತಂದೆ, ವೈರುಗುಂಟ ಇಳಿದ ನೀರು ಜೋಲಿಯ ತಳದಲ್ಲೇ ತೊಟ್ಟಿಕ್ಕಲಿ ಎಂದು. ನಮ್ಮಿಬ್ಬರ ನಡುವೆ ಹಿಡಿ, ಬಿಡು, ಎಡಕ್ಕ, ಅಷ್ಟೇ ಮಾತು.

ಬದುವಿನ ಆಚೆ ಈರಪ್ಪ ಕಾಕಾ ಸಾಲಿನಲ್ಲಿ ಕಸ ಕೀಳುತ್ತಿದ್ದ. ಕೀಳುವುದಕ್ಕೆ ಅಲ್ಲಿ ಅಷ್ಟೇನೂ ಕಸ ಇರಲಿಲ್ಲ. ಬಹಳ ಹೊತ್ತಾದ ಮೇಲೆ ಕುರುಪಿ ಹಿಡಿದುಕೊಂಡೇ ಬದು ದಾಟಿ ಬಂದ. ಸಿದ್ದಾರೂಢಣ್ಣನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಡಬ್ಬಿಯ ಕೆಳಗೆ ಬಗ್ಗಿ, ಕುತ್ತಿಗೆ ಹೊರಳಿಸಿ, ತೂತಿನೊಳಗೆ ಒಂದು ಕಣ್ಣಿಟ್ಟು ನೋಡಿದ.

"ಇದರಾಗ ಕಣಜೀರಗಿ ಗೂಡ ಕಟ್ಟಿದ್ರ ಏನ್ ಮಾಡ್ತಿ?" ಎಂದ.

ನಾನು ಅದನ್ನು ಯೋಚಿಸಿರಲಿಲ್ಲ. ನೀರನ್ನು ಯೋಚಿಸಿ ಯೋಚಿಸಿ, ತೂತು ಅಂದರೆ ಹುಳಕ್ಕೆ ಬಾಗಿಲು ಎಂಬುದೇ ಹೊಳೆದಿರಲಿಲ್ಲ. ಕಣಜದ ಹುಳ ಮಣ್ಣಿನಿಂದ ಆ ತೂತನ್ನು ಮೆತ್ತಿಬಿಟ್ಟರೆ ಮತ್ತೆ ಮುಚ್ಚಿದ ಡಬ್ಬಿಯೇ.

"ಗೊತ್ತಿಲ್ರಿ ಕಾಕಾ," ಎಂದೆ.

"ಸಣ್ಣ ಕಣ್ಣಿನ ತಂತಿ ಜಾಳಗಿ ಹಾಕಬೇಕಾಗತೈತಿ," ಎಂದ ಸಿದ್ದಾರೂಢಣ್ಣ, ಕಂಬಕ್ಕೆ ಹೇಳಿದ ಹಾಗೆ.

"ಜಾಳಗಿ ಹಾಕಿದ್ರ ಧೂಳ ತುಂಬಿ ಕಟ್ಟತೈತಿ," ಎಂದ ಈರಪ್ಪ ಕಾಕಾ, ಡಬ್ಬಿಗೆ ಹೇಳಿದ ಹಾಗೆ.

"ಕಟ್ಟಿದ್ರ ವಾರಕ್ಕೊಮ್ಮೆ ಊದಬೇಕು."

"ಯಾರ ಊದಾವ್ರು? ನೀ ಊದ್ತಿಯೇನ?"

"ನನ್ನ ಹೊಲದ್ದು ನಾ ಊದ್ತೇನಿ. ನಿನ್ನ ಹೊಲದ್ದು ನೀ ಊದಕೋ."

ಈರಪ್ಪ ಕಾಕಾ ತನ್ನ ಹೊಲಕ್ಕೂ ಇಂಥ ಡಬ್ಬಿ ಬೇಕೆಂದು ಹೇಳಿರಲಿಲ್ಲ, ಬೇಡ ಎಂದೂ ಈಗ ಹೇಳಲಿಲ್ಲ. ಇಬ್ಬರೂ ನನ್ನನ್ನು ಮರೆತು ತೂತಿನ ಕೆಳಗೆ ಬಗ್ಗಿ ನಿಂತರು. ಒಬ್ಬ ತೂತು ದೊಡ್ಡದಾಯಿತು ಅನ್ನುತ್ತಿದ್ದ, ಇನ್ನೊಬ್ಬ ಸಣ್ಣದಾಯಿತು ಅನ್ನುತ್ತಿದ್ದ. ನಾನು ಸ್ಕ್ರೂ ತಿರುಪುವ ಕಡ್ಡಿ ಹಿಡಿದು, ಯಾರ ಮಾತು ಗೆಲ್ಲುತ್ತದೋ ಎಂದು ಕಾಯುತ್ತ ನಿಂತೆ.